ಮಗುವಿನ ಮಾತೂ ವೈಷಮ್ಯದ ಪ್ರಶ್ನೆಯೂ

ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ಈಶ್ವರನ ಮೇಲೆ ಪೂರ್ವಪಕ್ಷದವನು ಹೊರಿಸುವ ಎರಡು ಆರೋಪಗಳ ವಿಚಾರಣೆ ನಡೆಯುತ್ತದೆ. ಒಂದು ವೈಷಮ್ಯ, ಇನ್ನೊಂದು ನೈರ್ಘೃಣ್ಯ. ಕೆಲವರನ್ನು ಸುಖದ ಮಡಿಲಲ್ಲಿಯೂ ಕೆಲವರನ್ನು ದುಃಖದ ಮಡಿಲಲ್ಲಿಯೂ ಹುಟ್ಟಿಸಿದವನು ಪಕ್ಷಪಾತಿಯಲ್ಲವೆ, ಹುಟ್ಟಿಸಿದ ಮೇಲೆ ಅವರ ಸಂಕಟವನ್ನು ನೋಡುತ್ತ ಸುಮ್ಮನಿರುವವನು ನಿರ್ದಯನಲ್ಲವೆ ಎಂಬುದು ಪ್ರಶ್ನೆ. ಶಂಕರಾಚಾರ್ಯರು ತಮ್ಮ ಭಾಷ್ಯದಲ್ಲಿ ಕೊಟ್ಟಿರುವ ಸಮಾಧಾನವು ವೇದಾಂತದ ಪಾಠಶಾಲೆಯ ಮೆಟ್ಟಿಲನ್ನು ಹತ್ತಿದವರಿಗೆಲ್ಲ ಪರಿಚಿತವಾದದ್ದು: ಈಶ್ವರನು ಮಳೆಯಂತೆ, ಮಳೆಯು ಬತ್ತಕ್ಕೂ ಜವೆಗೂ ಸಮಾನವಾದ ಕಾರಣ, ಒಂದು ಬತ್ತವಾಗಿ ಬೆಳೆಯುವುದಕ್ಕೆ ಇನ್ನೊಂದು ಜವೆಯಾಗಿ ಬೆಳೆಯುವುದಕ್ಕೆ ಆಯಾ ಬೀಜದಲ್ಲಿರುವ ಅಸಾಧಾರಣವಾದ ಸಾಮರ್ಥ್ಯವೇ ಕಾರಣ. ಜೀವರ ನಡುವಣ ತಾರತಮ್ಯಕ್ಕೆ ಅವರವರ ಧರ್ಮಾಧರ್ಮಗಳು ಬೀಜ, ಆದುದರಿಂದ ಈಶ್ವರನಲ್ಲಿ ದೋಷವಿಲ್ಲ. ಮೊದಲ ಸೃಷ್ಟಿಗೆ ಮುಂಚೆ ಕರ್ಮವೆಲ್ಲಿತ್ತು ಎಂದು ಕೇಳಿದರೆ ಸಂಸಾರವು ಅನಾದಿ ಎಂಬುದು ಮುಂದಿನ ಸೂತ್ರದ ಉತ್ತರ.

ತರ್ಕದ ದೃಷ್ಟಿಯಿಂದ ಇದು ಸುಸಂಬದ್ಧವಾದ ಸಮಾಧಾನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದು ಯಾವ ನ್ಯಾಯಾಸ್ಥಾನದಲ್ಲಿ, ಯಾವ ಆರೋಪಿಯ ಪರವಾಗಿ ಹೇಳಿದ ಮಾತು ಎಂಬುದನ್ನು ನಾವು ಕಾಲಕ್ರಮದಲ್ಲಿ ಮರೆತಿದ್ದೇವೆ. ಆಚಾರ್ಯರು ಬಿಡುಗಡೆಗೊಳಿಸಿದ್ದು ಈಶ್ವರನನ್ನು. ನಾವಾದರೋ ಆ ಬಿಡುಗಡೆಯ ಪತ್ರದಲ್ಲಿ ನಮ್ಮ ಹೆಸರನ್ನೂ ಬರೆದುಕೊಂಡುಬಿಟ್ಟೆವು. ನೆರೆಮನೆಯ ಮಗು ಕ್ಷೀಣಿಸುತ್ತಿದ್ದರೆ ಅದು ಆ ಮಗುವಿನ ಪ್ರಾಚೀನಕರ್ಮ ಎನ್ನುವವನು ದೇವರ ನಿರ್ದೋಷತ್ವವನ್ನು ಸಾಧಿಸುತ್ತಿರುವುದಿಲ್ಲ, ತನ್ನದನ್ನು ಸಾಧಿಸುತ್ತಿರುತ್ತಾನೆ. ಹಾಗೆ ಸಾಧಿಸಲು ಶಾಸ್ತ್ರದ ಅನುಮತಿ ಉಂಟೆ ಎಂಬುದು ಬಹುಕಾಲದಿಂದ ನನ್ನನ್ನು ಕಾಡಿರುವ ಪ್ರಶ್ನೆ. ಇದನ್ನು ಸಾಮಾನ್ಯವಾಗಿ ಚರ್ಚಿಸುವುದರಲ್ಲಿ ಪ್ರಯೋಜನವಿಲ್ಲ. ಬಡತನ, ರೋಗ, ಅಕಾಲಮರಣ ಎಂದು ದೊಡ್ಡ ದೊಡ್ಡ ಹೆಸರುಗಳನ್ನು ಎತ್ತಿಕೊಂಡರೆ ಕಾರಣಗಳ ಕಾಡಿನಲ್ಲಿ ದಾರಿ ತಪ್ಪುತ್ತದೆ. ಒಂದು ಸಣ್ಣ, ನಿರ್ದಿಷ್ಟವಾದ ವಿಷಯವನ್ನು ಹಿಡಿದು ನೋಡೋಣ: ಮಗುವಿಗೆ ಮಾತು ಬರುವುದು. ಇದನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇದರ ವಿಷಯದಲ್ಲಿ ನಮ್ಮ ಪ್ರಾಚೀನರು ಕೂಲಂಕಷವಾಗಿ ಯೋಚಿಸಿದ್ದರು. ಈಚಿನ ಮನಶ್ಶಾಸ್ತ್ರಜ್ಞರೂ ಯೋಚಿಸಿದ್ದಾರೆ. ಮತ್ತು ಬೆಂಗಳೂರಿನ ಹೊರವಲಯದಲ್ಲಿ ಈ ವೈಷಮ್ಯವು ಯಾರ ಕಣ್ಣಿಗೂ ಬೀಳುವಷ್ಟು ಹತ್ತಿರದಲ್ಲಿದೆ.

ವೈಟ್‌ಫೀಲ್ಡ್ ಎಂಬ ಊರು 1882ರಲ್ಲಿ ಮೈಸೂರಿನ ಮಹಾರಾಜರಾದ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ ಸಮುದಾಯದ ಸಂಘವೊಂದಕ್ಕೆ ಕೊಟ್ಟ ಭೂಮಿಯಲ್ಲಿ, ಕೃಷಿಯನ್ನು ನಂಬಿ ಹುಟ್ಟಿಕೊಂಡದ್ದು. ಎಲೆಕ್ಟ್ರಾನಿಕ್ ಸಿಟಿಯು ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರ ಕನಸಿನ ಫಲವಾಗಿ 1978ರ ಸುಮಾರಿಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳ ಮೇಲೆ ಎದ್ದಿತು. ಪೀಣ್ಯವು ಲೇತು, ಅಚ್ಚು, ಲೋಹದ ತುಣುಕು, ಸಿದ್ಧ ಉಡುಪುಗಳ ಊರಾಗಿ ಬೆಳೆಯಿತು. ಈ ಮೂರರ ಚರಿತ್ರೆಯೂ ಬೇರೆ ಬೇರೆ. ಆದರೆ ಇಂದು ಮೂರೂ ಕಡೆ ಒಂದೇ ದೃಶ್ಯ: ಒಂದು ಮಗ್ಗುಲಲ್ಲಿ ಗಾಜಿನ ಕಟ್ಟಡ ಅಥವಾ ಕಾರ್ಖಾನೆಯ ಗೇಟು, ಇನ್ನೊಂದು ಮಗ್ಗುಲಲ್ಲಿ ತಗಡಿನ ಶೆಡ್ಡುಗಳ ಸಾಲು ಇಲ್ಲವೆ ಒಂದೇ ಕೋಣೆಯ ಮನೆಗಳ ವಠಾರ. ಲಗ್ಗೆರೆ, ಹೆಗ್ಗನಹಳ್ಳಿ, ತೂಬರಹಳ್ಳಿ, ಮುನ್ನೇಕೊಳಲು, ಹೆಬ್ಬಗೋಡಿ ಎಂಬ ಹೆಸರುಗಳನ್ನು ಬಲ್ಲವರಿಗೆ ನಾನು ಹೆಚ್ಚು ವರ್ಣಿಸಬೇಕಾದುದಿಲ್ಲ.

ವೈಟ್‌ಫೀಲ್ಡಿನ ಅಂಥ ಒಂದು ಬಹುಮಹಡಿ ವಸತಿಯ ಹಿಂಬದಿಯಲ್ಲಿ, ಕಟ್ಟಡದ ಕೆಲಸಗಾರರ ಶೆಡ್ಡುಗಳ ನಡುವೆ ನಾನು ಕಂಡ ಒಬ್ಬ ಹುಡುಗನಿಗೆ ಮೂರು ವರ್ಷ ತುಂಬಿತ್ತು. ತಂದೆ ಕಂಬಿ ಕಟ್ಟುವವನು. ತಾಯಿ ಆ ವಸತಿಯಲ್ಲಿಯೇ ಗುಡಿಸಿ ಒರಸುವ ಕೆಲಸದವಳು. ಸೇಡಂ ಕಡೆಯವರು. ಹುಡುಗನನ್ನು ನೋಡಿಕೊಳ್ಳುವ ಅಕ್ಕನಿಗೆ ಒಂಬತ್ತು ವರ್ಷವಿದ್ದಿರಬಹುದು. ಹುಡುಗನಿಗೆ ‘ಅವ್ವ’, ‘ನೀರ’ ಮುಂತಾದ ನಾಲ್ಕಾರು ಮಾತುಗಳ ಹೊರತು ಬೇರೆ ಬರುತ್ತಿರಲಿಲ್ಲ. ಎಡಗಿವಿಯಲ್ಲಿ ಹತ್ತಿಯ ಉಂಡೆ ತುರುಕಿತ್ತು, ಹತ್ತಿ ಹಳದಿಯಾಗಿತ್ತು, ಯಾರಾದರೂ ಅವನನ್ನು ಕರೆದರೆ ಅವನು ಮುಖವನ್ನು ಎದುರಾಗಿ ತಿರುಗಿಸದೆ, ಬಲಗಿವಿ ಮುಂದಾಗುವಂತೆ ಕತ್ತನ್ನು ಓರೆಮಾಡಿ ನಿಲ್ಲುತ್ತಿದ್ದ. ಬಜೆಯ ಬೇರನ್ನು ತೇಯ್ದು ನಾಲಗೆಗೆ ಹಚ್ಚಿದ್ದಾಯಿತು, ಊರಿನ ದೇವರಿಗೆ ಹರಕೆ ಹೊತ್ತದ್ದಾಯಿತು ಎಂದು ತಾಯಿ ಹೇಳಿದಳು. ಹೇಳಿ, “ಹಣ್ಯಾಗ ಬರದಿದ್ದು ಹಂಗದರಿ, ಏನ್ ಮಾಡೂದು” ಎಂದಳು. ಆ ಮಾತಿನಲ್ಲಿ ನಿರ್ಲಕ್ಷ್ಯವಿರಲಿಲ್ಲ. ಮಾಡಬಹುದಾದುದನ್ನೆಲ್ಲ ಮಾಡಿ ಮುಗಿಸಿದವಳ ದಣಿವು ಇತ್ತು.

ಅದೇ ವಸತಿಯ ಮೇಲಿನ ಮಹಡಿಗಳಲ್ಲಿಯೂ ತಡವಾಗಿ ಮಾತು ಬರುವ ಮಕ್ಕಳುಂಟು. ಮಗುವಿಗೆ ಎರಡು ವರ್ಷವಾದರೂ ಎರಡು ಪದಗಳನ್ನು ಜೋಡಿಸದಿದ್ದರೆ ಅಲ್ಲಿಯ ತಂದೆತಾಯಂದಿರು ಮಕ್ಕಳ ವೈದ್ಯರಲ್ಲಿಗೆ ಹೋಗುತ್ತಾರೆ, ಕಿವಿಯ ಪರೀಕ್ಷೆ ಮಾಡಿಸುತ್ತಾರೆ, ಸ್ಪೀಚ್ ಥೆರಪಿಸ್ಟರನ್ನು ಕಾಣುತ್ತಾರೆ. ಅವರಲ್ಲಿ ಯಾರೂ ಮಗುವಿನ ಜನ್ಮಾಂತರವನ್ನು ಕುರಿತು ಯೋಚಿಸುವುದಿಲ್ಲ. ಯೋಚಿಸಬೇಕಾದ ಅಗತ್ಯವೂ ಅವರಿಗಿಲ್ಲ. ಒಂದೇ ಗೋಡೆಯ ಎರಡು ಕಡೆಗಳಲ್ಲಿ, ಒಂದೇ ವಿಧವಾದ ತಡಕ್ಕೆ, ಒಂದೆಡೆ ಚಿಕಿತ್ಸೆಯೂ ಇನ್ನೊಂದೆಡೆ ವಿಧಿಯೂ ಉತ್ತರವಾಗಿ ನಿಂತಿವೆ. ವಿಧಿಯ ವಾದವು ಸತ್ಯವಾಗಿದ್ದಲ್ಲಿ ಅದು ಮೇಲಿನ ಮಹಡಿಗೂ ಅನ್ವಯಿಸಬೇಕಾಗಿತ್ತು. ಚಿಕಿತ್ಸೆ ದೊರಕುವ ಕಡೆಯಲ್ಲೆಲ್ಲ ಅದು ತಾನಾಗಿ ಹಿಂದೆ ಸರಿಯುತ್ತದೆಂದಮೇಲೆ, ಅದು ತತ್ತ್ವವೋ ಅಥವಾ ಇಲ್ಲದಿರುವ ಆಸ್ಪತ್ರೆಯ ಜಾಗದಲ್ಲಿ ನಿಲ್ಲಿಸಿದ ಒಂದು ಸಾಂತ್ವನವೋ ಎಂದು ಕೇಳಲೇಬೇಕಾಗುತ್ತದೆ.

ಈಗ ಪ್ರಾಚೀನರ ಕಡೆಗೆ ಬರೋಣ. ಶಿಶುವಿಗೆ ಭಾಷೆ ಹೇಗೆ ಬರುತ್ತದೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಎರಡು ಪ್ರಬಲವಾದ ಉತ್ತರಗಳಿದ್ದುವು. ವೈಯಾಕರಣನಾದ ಭರ್ತೃಹರಿಯ ಮತದಲ್ಲಿ ಶಬ್ದಭಾವನೆಯು ಅನಾದಿಯಾದದ್ದು, ಜೀವದೊಡನೆಯೇ ಬಂದದ್ದು. ಯಾರೂ ಕಲಿಸದೆಯೇ ಶಿಶುವು ಬಾಯಿ, ನಾಲಗೆ, ಉಸಿರುಗಳನ್ನು ಮಾತಿಗಾಗಿ ತೊಡಗಿಸುವುದು ಆ ಪೂರ್ವಸಂಸ್ಕಾರದ ಬಲದಿಂದ. ನಮ್ಮ ಕಾಲದಲ್ಲಿ ನೋಮ್ ಚಾಮ್‌ಸ್ಕಿ ಬೇರೊಂದು ಹಾದಿಯಿಂದ, ಪುನರ್ಜನ್ಮದ ಮಾತನ್ನೆತ್ತದೆ, ಮನುಷ್ಯಶಿಶುವಿನಲ್ಲಿ ಭಾಷೆಯ ಸಾಮರ್ಥ್ಯವು ಸಹಜಸಿದ್ಧವೆಂಬ ನಿಲುವಿಗೆ ಬಂದದ್ದನ್ನು ಓದುಗರು ಬಲ್ಲರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಈ ಬೀಜವು ಇಬ್ಬರ ಮತದಲ್ಲಿಯೂ ಎಲ್ಲ ಶಿಶುಗಳಿಗೂ ಸಮಾನ. ಶ್ರೀಮಂತನ ಮಗುವಿಗೆ ಹೆಚ್ಚು ಶಬ್ದಭಾವನೆ, ಕೂಲಿಯವನ ಮಗುವಿಗೆ ಕಡಮೆ ಎಂದು ಭರ್ತೃಹರಿ ಎಲ್ಲಿಯೂ ಹೇಳುವುದಿಲ್ಲ.

ಎರಡನೆಯ ಉತ್ತರ ಮೀಮಾಂಸಕರದು. ಅದು ನನ್ನ ವಿಷಯಕ್ಕೆ ಇನ್ನಷ್ಟು ಹತ್ತಿರವಾದದ್ದು. ಪದಗಳ ಅರ್ಥವು ಮಗುವಿಗೆ ತಿಳಿಯುವುದು ವೃದ್ಧವ್ಯವಹಾರದಿಂದ, ಎಂದರೆ ಬಲ್ಲವರ ಮಾತುಕತೆಯನ್ನು ನೋಡುವುದರಿಂದ, ಎಂಬುದು ಅವರ ಸಿದ್ಧಾಂತ. ಉತ್ತಮವೃದ್ಧನೊಬ್ಬನು ಮಧ್ಯಮವೃದ್ಧನಿಗೆ ಹಸುವನ್ನು ತರಲು ಹೇಳುತ್ತಾನೆ. ಅವನು ಹೋಗಿ ತರುತ್ತಾನೆ. ಪಕ್ಕದಲ್ಲಿ ಕುಳಿತ ಮಗು ಆ ಧ್ವನಿಗೂ ಈ ಕ್ರಿಯೆಗೂ ಸಂಬಂಧವಿದೆಯೆಂದು ಊಹಿಸುತ್ತದೆ. ಮರುದಿನ ಕುದುರೆಯನ್ನು ತರಲು ಹೇಳಿದಾಗ, ಇನ್ನೊಂದು ದಿನ ಹಸುವನ್ನು ಕಟ್ಟಲು ಹೇಳಿದಾಗ, ಯಾವ ಭಾಗ ಉಳಿಯಿತು, ಯಾವ ಭಾಗ ಬದಲಾಯಿತು, ಅದಕ್ಕೆ ತಕ್ಕಂತೆ ನಡೆದ ಕೆಲಸದಲ್ಲಿ ಏನು ಬದಲಾಯಿತು ಎಂಬುದನ್ನು ಹೊಂದಿಸಿ ನೋಡಿ, ಸೇರಿಸುವುದು ತೆಗೆಯುವುದು ಎಂಬ ಈ ಕ್ರಮದಿಂದಲೇ ಅದು ಒಂದೊಂದು ಪದದ ಅರ್ಥವನ್ನು ಬಿಡಿಸಿಕೊಳ್ಳುತ್ತದೆ. ಸುಮಾರು 7ನೆಯ ಶತಮಾನದಲ್ಲಿ ಕುಮಾರಿಲನೂ ಪ್ರಭಾಕರನೂ ವಾಕ್ಯಾರ್ಥದ ವಿಷಯದಲ್ಲಿ ಎರಡು ಪಂಥಗಳಾಗಿ ಒಡೆದರು. ಆದರೆ ಮಗುವು ಹೀಗೆ ಪಕ್ಕದಲ್ಲಿ ಕುಳಿತು ಕಲಿಯುತ್ತದೆಂಬ ವಿಷಯದಲ್ಲಿ ಅವರಿಗೆ ವಿವಾದವಿರಲಿಲ್ಲ.

ಈ ಚಿತ್ರದಲ್ಲಿ ನನ್ನನ್ನು ಬಹುವಾಗಿ ಸೆಳೆಯುವುದು ಅದರ ಪಾತ್ರವರ್ಗ. ಇಬ್ಬರು ಹಿರಿಯರಿರಬೇಕು, ಅವರಿಗೆ ಪರಸ್ಪರ ಅರ್ಥವಾಗುವ ಒಂದು ಭಾಷೆಯಿರಬೇಕು, ಅವರು ಒಂದು ಕೆಲಸದಲ್ಲಿ ತೊಡಗಿರಬೇಕು, ಆ ಕೆಲಸ ಮಗುವಿನ ಕಣ್ಣೆದುರಿಗೆ ನಡೆಯಬೇಕು, ಆಡಿದ ಮಾತು ಮಗುವಿನ ಕಿವಿಗೆ ಬೀಳಬೇಕು. ಶೆಡ್ಡಿನ ಹುಡುಗನಿಗೆ ಇವುಗಳಲ್ಲಿ ಯಾವುದು ಉಂಟು? ಹಿರಿಯರು ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಾರೆ. ಅವರ ಕೆಲಸವು ಮಗುವನ್ನು ಒಳಗೆ ಬಿಡದ ಗೇಟಿನ ಆಚೆ ನಡೆಯುತ್ತದೆ. ಎಡಕ್ಕಿರುವ ಶೆಡ್ಡಿನಲ್ಲಿ ಬಂಗಾಳಿ, ಬಲಕ್ಕಿರುವುದರಲ್ಲಿ ಒಡಿಯಾ, ನೀರಿನ ಟ್ಯಾಂಕರಿನವನದು ತೆಲುಗು, ಮೇಸ್ತ್ರಿಯದು ತಮಿಳು. ಊರಿನಲ್ಲಿಯಾಗಿದ್ದರೆ ಅಜ್ಜಿಯ ಮಡಿಲಲ್ಲಿ, ಕಟ್ಟೆಯ ಮೇಲೆ, ದನದ ಕೊಟ್ಟಿಗೆಯ ಬಾಗಿಲಲ್ಲಿ ದಿನವಿಡೀ ಕಿವಿಗೆ ಬೀಳುತ್ತಿದ್ದ ಮಾತು ಇಲ್ಲಿ ಒಬ್ಬ ಅಕ್ಕನ ಗದರಿಕೆಗೂ ಮೊಬೈಲಿನ ಹಾಡಿಗೂ ಇಳಿದಿದೆ. ಮೊಬೈಲು ಮಾತಾಡುತ್ತದೆ, ನಿಜ. ಆದರೆ ಅದು ಹೇಳಿದ್ದನ್ನು ಕೇಳಿ ಯಾರೂ ಎದ್ದುಹೋಗಿ ಹಸುವನ್ನು ತರುವುದಿಲ್ಲ.

ಆ ಕುಟುಂಬ ಬಿಟ್ಟುಬಂದ ಸೇಡಂ ತಾಲೂಕಿನಲ್ಲಿಯೇ ಮಳಖೇಡವಿದೆ ಎಂಬುದನ್ನು ಇಲ್ಲಿ ಹೇಳದಿರಲಾರೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರು ಅದು. 9ನೆಯ ಶತಮಾನದ ಕವಿರಾಜಮಾರ್ಗವು ನೃಪತುಂಗನ ಆ ಆಸ್ಥಾನದಲ್ಲಿ ರಚಿತವಾಗಿ, ಈ ನಾಡಿನ ಜನ ಓದದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಹೊಗಳಿತು. ಓದದೆಯೂ ನಿಪುಣರಾದದ್ದು ಹೇಗೆ? ವೃದ್ಧವ್ಯವಹಾರವು ಆ ಜನಪದದಲ್ಲಿ ಸಮೃದ್ಧವಾಗಿತ್ತೆಂಬುದಲ್ಲದೆ ಬೇರೆ ಉತ್ತರ ನನಗೆ ತೋರದು. ಆ ಮಣ್ಣಿನ ಮಗುವೊಂದು ಮೂರು ವರ್ಷಕ್ಕೆ ನಾಲ್ಕಾರು ಮಾತುಗಳಲ್ಲಿ ನಿಂತುಹೋದರೆ, ಬೀಜವು ಕೆಟ್ಟಿತೆಂದು ಹೇಳುವುದಕ್ಕೆ ಯಾವ ಆಧಾರವಿದೆ?

ಈಚಿನ ಮನಶ್ಶಾಸ್ತ್ರದಲ್ಲಿ ಈ ವಿಷಯವಾಗಿ ನಡೆದ ದೊಡ್ಡ ಚರ್ಚೆಯೊಂದಿದೆ. ಅಮೆರಿಕದ ಕ್ಯಾನ್ಸಸ್ ಸಂಸ್ಥಾನದಲ್ಲಿ ಬೆಟ್ಟಿ ಹಾರ್ಟ್, ಟಾಡ್ ರಿಸ್ಲಿ ಎಂಬ ಇಬ್ಬರು 42 ಕುಟುಂಬಗಳ ಮನೆಮಾತನ್ನು ದಾಖಲಿಸಿ, 1995ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನಾಲ್ಕು ವರ್ಷ ತುಂಬುವಷ್ಟರಲ್ಲಿ ಬಡವರ ಮಗುವು ಉದ್ಯೋಗಸ್ಥರ ಮಗುವಿಗಿಂತ ಸುಮಾರು 3 ಕೋಟಿ ಪದಗಳಷ್ಟು ಕಡಮೆ ಮಾತನ್ನು ಕೇಳಿರುತ್ತದೆ ಎಂದು ಅಂದಾಜು ಮಾಡಿದರು. ಜಗತ್ತಿನ ಪತ್ರಿಕೆಗಳೆಲ್ಲ ಆ ಸಂಖ್ಯೆಯನ್ನು ಹಿಡಿದುಕೊಂಡುವು. ಬಡತಾಯಂದಿರು ಮಕ್ಕಳೊಡನೆ ಮಾತಾಡುವುದಿಲ್ಲವೆಂಬ ಅಪವಾದ ಹುಟ್ಟಿತು. ಎರಡು ದಶಕಗಳಿಗೂ ಮಿಕ್ಕಿ ಕಳೆದ ಮೇಲೆ ಡಗ್ಲಸ್ ಸ್ಪೆರಿಯೂ ಅವರ ಸಹೋದ್ಯೋಗಿಗಳೂ ಬೇರೆ ಬೇರೆ ಸಮುದಾಯಗಳಲ್ಲಿ ಮತ್ತೆ ಎಣಿಸಿ ನೋಡಿದರು. ತಾಯಿ ಮಗುವನ್ನೇ ಉದ್ದೇಶಿಸಿ ಆಡಿದ ಮಾತನ್ನಷ್ಟೇ ಅಲ್ಲದೆ, ಮಗುವಿನ ಸುತ್ತ ಇತರರು ತಮ್ಮತಮ್ಮೊಳಗೆ ಆಡಿದ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಬಡ ಸಮುದಾಯಗಳು ಅಷ್ಟೇನೂ ಮೂಕವಲ್ಲವೆಂದು ಅವರು ತೋರಿಸಿದರು. ಹೀಗೆ ಕೇಳಿಸಿಕೊಂಡ ಮಾತಿನಿಂದ ಮಗು ಎಷ್ಟು ಕಲಿಯುತ್ತದೆ, ತನ್ನನ್ನೇ ಉದ್ದೇಶಿಸಿದ ಮಾತಿನಿಂದ ಎಷ್ಟು ಕಲಿಯುತ್ತದೆ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ವಾದ ಇನ್ನೂ ನಡೆದಿದೆ. ಆದರೆ ಮೀಮಾಂಸಕರ ಮಗುವು ಕೇಳಿಸಿಕೊಳ್ಳುವ ಮಗುವೇ ಅಲ್ಲವೆ! ಉತ್ತಮವೃದ್ಧನು ಅದರೊಡನೆ ಮಾತಾಡುವುದೇ ಇಲ್ಲ. ಹತ್ತು ಜನರ ಮಾತಿನ ನಡುವೆ ಮಗುವನ್ನು ಬಿಟ್ಟು ಬೆಳೆಸುವ ಅವಿಭಕ್ತ ಗೃಹವನ್ನು ಕಣ್ಣಮುಂದೆ ಇಟ್ಟುಕೊಂಡು ಕಟ್ಟಿದ ಸಿದ್ಧಾಂತವದು. ಕ್ಯಾನ್ಸಸಿನಲ್ಲಿ ಎಣಿಕೆಯಿಂದ ಬಿಟ್ಟುಹೋದದ್ದು ಅದರಲ್ಲಿ ಮೊದಲಿನಿಂದಲೇ ಇತ್ತು. ಆದುದರಿಂದ ದೋಷವನ್ನು ತಾಯಿಯ ನಾಲಗೆಯ ಮೇಲೆ ಹೊರಿಸುವುದು ಅನ್ಯಾಯ. ಸೇಡಮ್ಮಿನ ಆ ಹೆಂಗಸು ಮಾತಿಲ್ಲದವಳಲ್ಲ. ಅವಳ ಮಾತಿನ ಹೊತ್ತನ್ನು ನಾವು ಕೂಲಿ ಕೊಟ್ಟು ಕೊಂಡುಕೊಂಡಿದ್ದೇವೆ.

ನಮ್ಮ ಭಾಷೆಗೇ ಸಂಬಂಧಿಸಿದ ಸಂಶೋಧನೆಯೂ ಉಂಟು. ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ ಎಂಬ ಸಂಸ್ಥೆಯಲ್ಲಿ ಕೆಲಸ ಮಾಡಿ, ಅನಂತರ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಶಿಕ್ಷಣ ವಿಭಾಗವನ್ನು ಸೇರಿದ ಮನಶ್ಶಾಸ್ತ್ರಜ್ಞೆ ಸೊನಾಲಿ ನಾಗ್ ಅವರು ಕನ್ನಡದ ಮಕ್ಕಳು ಓದು ಕಲಿಯುವ ಬಗೆಯನ್ನು ಕುರಿತು 2007ರಲ್ಲಿ ಪ್ರಕಟಿಸಿದ ಲೇಖನವು ಈ ಕ್ಷೇತ್ರದಲ್ಲಿ ಹೆಸರಾದದ್ದು. ರೋಮನ್ ಲಿಪಿಯ ಮಗು ಇಪ್ಪತ್ತಾರು ಅಕ್ಷರಗಳನ್ನು ಬೇಗನೆ ಮುಗಿಸುತ್ತದೆ. ನಮ್ಮ ಮಗುವಿನ ಎದುರಿಗಾದರೋ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ನಾನೂರಕ್ಕೂ ಮಿಕ್ಕ ಅಕ್ಷರರೂಪಗಳಿವೆ. ಆ ಕಲಿಕೆಯು ಮೊದಲನೆಯ ತರಗತಿಯಲ್ಲಿ ಮುಗಿಯದೆ ಮೂರು ನಾಲ್ಕನೆಯ ತರಗತಿಗಳವರೆಗೂ ನಡೆಯುತ್ತಲೇ ಇರುತ್ತದೆ. ಅಕ್ಷರವನ್ನು ಒಡೆದು ಅದರೊಳಗಿನ ಒಂದೊಂದು ಧ್ವನಿಯನ್ನು ಗುರುತಿಸುವ ಶಕ್ತಿ ಇನ್ನೂ ನಿಧಾನವಾಗಿ ಮೂಡುತ್ತದೆ ಎಂದು ಅವರು ಕಂಡುಕೊಂಡರು. ಇಷ್ಟು ದೀರ್ಘವಾದ ದಾರಿಯನ್ನು ನಡೆಯುವುದಕ್ಕೆ ಮಗುವಿನ ಕೈಯಲ್ಲಿ ಬುತ್ತಿ ಬೇಕು. ಆ ಬುತ್ತಿ ಎಂದರೆ ಶಾಲೆಗೆ ಬರುವ ಮುನ್ನ ಅದು ಕೂಡಿಟ್ಟುಕೊಂಡ ಆಡುಮಾತು. ಕೆಳ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಮನೆಯ ಭಾಷೆಗೂ ಶಾಲೆಯ ಭಾಷೆಗೂ ಮಕ್ಕಳ ಓದಿಗೂ ಇರುವ ಸಂಬಂಧವನ್ನು ಕುರಿತು ಅವರೂ ಅವರ ಸಹೋದ್ಯೋಗಿಗಳೂ 2019ರಲ್ಲಿ ವಿಸ್ತಾರವಾದ ಸಮೀಕ್ಷೆಯೊಂದನ್ನು ಹೊರತಂದರು. ಮನೆಯಲ್ಲಿ ಸೇಡಮ್ಮಿನ ಕನ್ನಡ, ಅಂಗನವಾಡಿಯಲ್ಲಿ ಹೊಸಕೋಟೆಯ ಕನ್ನಡ, ಪುಸ್ತಕದಲ್ಲಿ ಮತ್ತೊಂದು ಕನ್ನಡ, ಬೀದಿಯಲ್ಲಿ ಹಿಂದಿ: ಕನ್ನಡದ ಮಗುವಿಗೇ ಹೀಗಾದರೆ ಒಡಿಯಾ, ಬಂಗಾಳಿ ಮಕ್ಕಳ ಪಾಡನ್ನು ಹೇಳುವುದೇನು!

ಮಾತಿನ ಪ್ರಶ್ನೆಯು ಮಾತಿನಲ್ಲಿಯೇ ಮುಗಿಯುವುದಿಲ್ಲ. ಅದರ ಬೇರು ದೇಹದಲ್ಲಿದೆ. ಲಂಡನ್ನಿನ ಸರಕಾರಿ ನೌಕರರನ್ನು ಕುರಿತು 1967ರಲ್ಲಿ ಆರಂಭವಾದ ಮತ್ತು ಅನಂತರ ಮೈಕೇಲ್ ಮಾರ್ಮಟ್ ಅವರ ಹೆಸರಿನೊಡನೆ ಬೆಸೆದುಕೊಂಡ ವೈಟ್‌ಹಾಲ್ ಅಧ್ಯಯನವು, ಆರೋಗ್ಯದ ವೈಷಮ್ಯವು ಕೇವಲ ಕಡುಬಡವರಿಗೂ ಉಳಿದವರಿಗೂ ನಡುವಿನದಲ್ಲ, ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ ಎಂಬುದನ್ನು ತೋರಿಸಿತು: ಒಂದೊಂದು ದರ್ಜೆ ಕೆಳಗಿಳಿದಂತೆ ಆಯುಸ್ಸೂ ಕುಗ್ಗುತ್ತದೆ. ನಮ್ಮಲ್ಲಿ ಈ ಮೆಟ್ಟಿಲು ಹುಟ್ಟಿನ ಹೊತ್ತಿಗೇ ಆರಂಭವಾಗುತ್ತದೆ. 2019ರಿಂದ 21ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇಕಡ 65ಕ್ಕೂ ಹೆಚ್ಚು ಮಂದಿ ರಕ್ತಹೀನರು. ಕಬ್ಬಿಣದ ಅಂಶ ಸಾಲದ ಮಗುವಿನ ಗಮನ ಬೇಗ ಬಳಲುತ್ತದೆ. ಅದು ಆಡುವುದು ಕಡಮೆ, ಕೇಳುವುದು ಕಡಮೆ, ಹಿರಿಯರನ್ನು ಮಾತಿಗೆ ಎಳೆಯುವುದೂ ಕಡಮೆ. ಇನ್ನು ಕಿವಿ. ಇಕ್ಕಟ್ಟಾದ ಕೋಣೆ, ಒಲೆಯ ಹೊಗೆ, ಮತ್ತೆ ಮತ್ತೆ ಬರುವ ನೆಗಡಿ ಇವುಗಳಿಂದ ನಡುಗಿವಿಯಲ್ಲಿ ಸೋಂಕು ಉಂಟಾಗಿ, ತಮಟೆ ತೂತಾಗಿ, ಕೀವು ಸೋರತೊಡಗುತ್ತದೆ. ಕಿವಿ ಸೋರುವುದನ್ನು ನಮ್ಮ ಜನ ರೋಗವೆಂದೇ ಎಣಿಸುವುದಿಲ್ಲ. ದೊಡ್ಡವನಾದ ಮೇಲೆ ಸರಿಹೋಗುತ್ತದೆ ಎನ್ನುತ್ತಾರೆ. ಸರಿಹೋಗುವಷ್ಟರಲ್ಲಿ ಮಾತು ಕಲಿಯುವ ಕಾಲದ ಬಹುಭಾಗ ದಾಟಿಹೋಗಿರುತ್ತದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ವಾಕ್ಕನ್ನೂ ಶ್ರವಣವನ್ನೂ ಅದು ತನ್ನ ಹೆಸರಿನಲ್ಲಿಯೇ ಜೊತೆಗೂಡಿಸಿಕೊಂಡದ್ದು ಉಚಿತವಾಗಿದೆ. ನಾಲಗೆಗೆ ಬಜೆ ಹಚ್ಚುವ ತಾಯಿಗೆ ಕಿವಿಯನ್ನು ತೋರಿಸೆಂದು ಹೇಳುವವರು ಬೇಕು. ಆ ಹುಡುಗನು ಬಲಗಿವಿಯನ್ನು ಮುಂದಕ್ಕೆ ಒಡ್ಡುತ್ತಿದ್ದದ್ದು ತನ್ನ ಪಾಲಿನ ವೃದ್ಧವ್ಯವಹಾರದ ಚೂರನ್ನಾದರೂ ಹಿಡಿದುಕೊಳ್ಳುವುದಕ್ಕಾಗಿಯೇ. ಅವನಲ್ಲಿ ಬೀಜದ ಪೌರುಷಕ್ಕೇನೂ ಕೊರತೆಯಿರಲಿಲ್ಲ.

ಈಗ ಶಂಕರರ ಮಳೆಗೆ ಹಿಂತಿರುಗಬಹುದು. ಆ ದೃಷ್ಟಾಂತದ ಬಲವೆಲ್ಲ ಮಳೆಯು ಸಮಾನವಾಗಿ ಸುರಿಯುತ್ತದೆ ಎಂಬುದರಲ್ಲಿದೆ. ಮಳೆ ಸಮಾನವಾಗಿದ್ದೂ ಫಲದಲ್ಲಿ ಭೇದ ಕಂಡರೆ ಆಗ ಬೀಜವನ್ನು ಕಾರಣವೆನ್ನಬಹುದು. ಗಾಳಿ, ಬೆಳಕು, ಪ್ರಾಣ ಇವುಗಳಂತೆ ಈಶ್ವರನೇ ನೇರವಾಗಿ ಕೊಡುವ ವಸ್ತುಗಳಲ್ಲಿ ಈ ಸಮಾನತೆ ಇದ್ದೀತು. ಮಾತು ಹಾಗಲ್ಲ. ಶಬ್ದಭಾವನೆಯೆಂಬ ಬೀಜವು ಎಲ್ಲ ಶಿಶುಗಳಲ್ಲಿ ಸಮಾನವೆಂದು ಭರ್ತೃಹರಿಯಿಂದ ತಿಳಿದೆವು. ಆ ಬೀಜಕ್ಕೆ ಬೀಳಬೇಕಾದ ಮಳೆಯು ಮನುಷ್ಯರ ಮಾತೆಂದು ಮೀಮಾಂಸಕರಿಂದ ತಿಳಿದೆವು. ಆ ಮಳೆ ಒಂದೆಡೆ ಧಾರಾಳವಾಗಿಯೂ ಒಂದೆಡೆ ಹನಿಯಾಗಿಯೂ ಬೀಳುತ್ತಿದೆಯೆಂದು ಮನಶ್ಶಾಸ್ತ್ರಜ್ಞರಿಂದ ತಿಳಿದೆವು. ಆದಮೇಲೆ ದೃಷ್ಟಾಂತವು ತಲೆಕೆಳಗಾಗಲಿಲ್ಲವೆ? ಇಲ್ಲಿ ಬೀಜ ಸಮಾನ, ಮಳೆ ವಿಷಮ. ಮಳೆಯನ್ನು ಸುರಿಸುವವರು ನಾವು. ಪೂರ್ವಪಕ್ಷದವನ ವೈಷಮ್ಯ-ನೈರ್ಘೃಣ್ಯಗಳ ಆರೋಪವು ಈಶ್ವರನನ್ನು ಬಿಟ್ಟು ನಮ್ಮ ಕಡೆಗೆ ತಿರುಗಿದರೆ ನಾವು ಯಾವ ಸೂತ್ರವನ್ನು ಹಿಡಿದು ತಪ್ಪಿಸಿಕೊಳ್ಳಬಲ್ಲೆವು?

ದ್ವೈತಸಿದ್ಧಾಂತವನ್ನು ಬಲ್ಲವರು ಇಲ್ಲಿ ಒಂದು ಆಕ್ಷೇಪವನ್ನು ತರಬಹುದು. ಜೀವಜೀವರಲ್ಲಿ ತಾರತಮ್ಯವು ಸ್ವರೂಪಸಿದ್ಧವಾದದ್ದು, ಯೋಗ್ಯತೆಯು ಅನಾದಿಯಾದದ್ದು ಎಂದು ಮಧ್ವಾಚಾರ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಆ ಮತಕ್ಕೆ ಟೀಕಾಚಾರ್ಯರೆನಿಸಿದ ಜಯತೀರ್ಥರ ವೃಂದಾವನವೂ ಮಳಖೇಡದಲ್ಲಿಯೇ ಇದೆಯೆಂಬುದು ಹಲವರ ನಂಬಿಕೆ. ಬೀಜಗಳು ಸಮಾನವೆಂಬ ನಿಮ್ಮ ಮಾತೇ ಅಸಿದ್ಧ ಎಂದು ಅವರು ಹೇಳಿಯಾರು. ಈ ಆಕ್ಷೇಪವನ್ನು ಗೌರವದಿಂದ ಒಪ್ಪಿಕೊಂಡೇ ಉತ್ತರ ಕೊಡಬಹುದೆಂದು ನನಗೆ ತೋರುತ್ತದೆ. ತಾರತಮ್ಯವಿರಲಿ, ಆದರೆ ಯಾವ ಜೀವದ ಯೋಗ್ಯತೆ ಎಷ್ಟೆಂಬುದನ್ನು ಬಲ್ಲವನು ಸರ್ವಜ್ಞನೊಬ್ಬನೇ. ಕಟ್ಟಡದ ಮೇಸ್ತ್ರಿಗೂ ಕಾರ್ಖಾನೆಯ ಮಾಲೀಕನಿಗೂ ಈ ಲೇಖಕನಿಗೂ ಆ ಜ್ಞಾನವಿಲ್ಲ. ಕಿವಿಯ ಕೀವನ್ನು ಒರಸದೆ, ರಕ್ತವನ್ನು ತುಂಬಿಸದೆ, ಮಾತಾಡುವ ಹಿರಿಯರನ್ನು ಹತ್ತಿರ ಕೂರಿಸದೆ, ಈ ಜೀವದ ಯೋಗ್ಯತೆ ಇಷ್ಟೇ ಎಂದು ತೀರ್ಪು ಕೊಡುವವನು ತನ್ನದಲ್ಲದ ಅಧಿಕಾರವನ್ನು ಅಪಹರಿಸಿದಂತಾಗುತ್ತದೆ. ತಾರತಮ್ಯವಾದಕ್ಕೆ ನಿಷ್ಠನಾದವನು ಇದನ್ನು ಎಲ್ಲರಿಗಿಂತ ಮೊದಲು ಒಪ್ಪಬೇಕು.

ಕರ್ಮಸಿದ್ಧಾಂತವನ್ನು ಅತ್ಯಂತ ಸೂಕ್ಷ್ಮವಾಗಿ ವಿಂಗಡಿಸಿದವರು ಜೈನರು. ಜ್ಞಾನವನ್ನು ಮುಚ್ಚುವ ಕರ್ಮಕ್ಕೆ ಅವರು ಜ್ಞಾನಾವರಣೀಯವೆಂದು ಹೆಸರಿಟ್ಟರು. ಮಾತು ಬಾರದ ಮಗುವನ್ನು ನೋಡಿ, ಇದು ಅದರ ಜ್ಞಾನಾವರಣೀಯದ ಉದಯವೆಂದು ಹೇಳಿ ಮುಂದೆ ಸಾಗುವುದು ಸುಲಭ. ಆದರೆ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಆ ಕರ್ಮವು ಜೀವಕ್ಕೆ ಅಂಟಿಕೊಳ್ಳುವುದು ಯಾವುದರಿಂದ ಎಂಬುದನ್ನೂ ಹೇಳುತ್ತದೆ: ತಿಳಿವನ್ನು ಬಚ್ಚಿಡುವುದರಿಂದ, ಕೊಡಬಲ್ಲವನಾಗಿದ್ದೂ ಮತ್ಸರದಿಂದ ಕೊಡದಿರುವುದರಿಂದ, ಇನ್ನೊಬ್ಬನ ಜ್ಞಾನಕ್ಕೆ ಅಡ್ಡಿಯಾಗುವುದರಿಂದ. ನಿಹ್ನವ, ಮಾತ್ಸರ್ಯ, ಅಂತರಾಯ ಎಂಬುವು ಆ ಪಟ್ಟಿಯಲ್ಲಿವೆ. ಹಾಗಾದರೆ ಶೆಡ್ಡಿನ ಮುಂದೆ ನಿಂತ ಇಬ್ಬರಲ್ಲಿ ಈ ಕ್ಷಣದಲ್ಲಿ ಕರ್ಮವನ್ನು ಕಟ್ಟಿಕೊಳ್ಳುತ್ತಿರುವವರು ಯಾರು? ಮಗುವಲ್ಲ. ಕರ್ಮದ ಮಾತನ್ನೆತ್ತುವುದಾದರೆ ಅದನ್ನು ಪೂರ್ತಿಯಾಗಿ ಎತ್ತಬೇಕು. ಮಗುವಿನ ಹಿಂದಿನ ಜನ್ಮಕ್ಕೆ ಅನ್ವಯಿಸಿ, ನಮ್ಮ ಈ ಜನ್ಮಕ್ಕೆ ಅನ್ವಯಿಸದೆ ಬಿಡುವುದು ಸಲ್ಲದು.

ವೈದಿಕಪರಂಪರೆಯಲ್ಲಿ ಇದಕ್ಕೆ ಸಂವಾದಿಯಾದ ಕಲ್ಪನೆ ಋಣದ್ದು. ಮನುಷ್ಯನು ಹುಟ್ಟುತ್ತಲೇ ಋಣಿಯಾಗಿ ಹುಟ್ಟುತ್ತಾನೆಂದು ಬ್ರಾಹ್ಮಣಗ್ರಂಥಗಳು ಹೇಳುತ್ತವೆ. ದೇವಋಣ, ಪಿತೃಋಣಗಳ ಜೊತೆಗೆ ಋಷಿಋಣ, ಮತ್ತು ಶತಪಥದ ಪ್ರಕಾರ ಸಹಮಾನವರ ಋಣ. ಋಷಿಋಣವನ್ನು ವೇದಾಧ್ಯಯನಕ್ಕೆ ಮಾತ್ರ ಸೀಮಿತಗೊಳಿಸಿಕೊಂಡು ಬಂದಿದ್ದೇವೆ. ಆದರೆ ವೇದಕ್ಕೂ ಮೊದಲು ನಾವು ಪಡೆದದ್ದು ಮಾತು. ನಾನು ಇದನ್ನು ಬರೆಯುತ್ತಿರುವ ಒಂದೊಂದು ಪದವೂ ಯಾರೋ ಹಿರಿಯರು ನನ್ನೆದುರಿಗೆ ಆಡಿ, ನನ್ನಿಂದ ಬೆಲೆ ಕೇಳದೆ ಬಿಟ್ಟುಹೋದದ್ದು. ಅವರಿಗೆ ಅದನ್ನು ಹಿಂದಿರುಗಿಸುವುದು ಸಾಧ್ಯವಿಲ್ಲ; ಮುಂದಿನ ಶಿಶುವಿಗೆ ಸಲ್ಲಿಸುವುದೊಂದೇ ತೀರುವೆಯ ದಾರಿ. ಹೀಗಿರಲಾಗಿ, ಹೊರವಲಯದ ಮಕ್ಕಳಿಗೆ ನಾವು ಮಾಡುವ ಯಾವ ಏರ್ಪಾಟನ್ನೂ ದಾನವೆಂದು ಕರೆಯುವುದು ತಪ್ಪು. ದಾನಕ್ಕೆ ಪುಣ್ಯವುಂಟು, ಫಲಕವುಂಟು, ಛಾಯಾಚಿತ್ರವುಂಟು. ಸಾಲ ತೀರಿಸಿದ್ದಕ್ಕೆ ಅವು ಯಾವುವೂ ಇಲ್ಲ, ಬದಲಿಗೆ ಅದಕ್ಕೊಂದು ವಾಯಿದೆ ಉಂಟು. ಈ ಸಾಲದ ವಾಯಿದೆ ಮಗುವಿನ ಮೊದಲ ಮೂರು ನಾಲ್ಕು ವರ್ಷಗಳು.

ಆ ವರ್ಷಗಳಲ್ಲಿ ನಮ್ಮ ವ್ಯವಸ್ಥೆ ಹೇಗಿದೆಯೆಂದು ನೋಡಿದರೆ ಸಾಲಗಾರರು ಯಾರೆಂಬುದು ತಾನಾಗಿ ಕಾಣುತ್ತದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದಾಗ ನಮ್ಮ ತಿ. ನರಸೀಪುರ ಅವುಗಳಲ್ಲೊಂದಾಗಿತ್ತು. ಅಂದಿನಿಂದ ಅಂಗನವಾಡಿಗಳು ಮಾಡಿರುವ ಉಪಕಾರ ಅಪಾರ. ಆದರೆ ಅಲ್ಲಿ ದಿನವಿಡೀ ಕೂತು ಆಡಿ ಕಲಿಯುವುದು ಮೂರು ವರ್ಷ ದಾಟಿದ ಮಕ್ಕಳು. ಅದಕ್ಕಿಂತ ಚಿಕ್ಕ ಮಗುವಿಗೆ ಸಲ್ಲುವುದು ಮುಖ್ಯವಾಗಿ ಮನೆಗೆ ಒಯ್ಯುವ ಆಹಾರ, ತೂಕದ ದಾಖಲೆ, ಚುಚ್ಚುಮದ್ದು. ಮಾತು ಹುಟ್ಟುವ ವಯಸ್ಸು ಹೀಗೆ ಯೋಜನೆಯ ಕೈಗೆ ಸಿಕ್ಕದೆ ಉಳಿಯುತ್ತದೆ. 1948ರ ಕಾರ್ಖಾನೆ ಕಾಯಿದೆಯು 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುಗೃಹವಿರಬೇಕೆಂದು ವಿಧಿಸಿತು. 1996ರ ಕಟ್ಟಡ ಕಾರ್ಮಿಕರ ಕಾಯಿದೆಯು 50ಕ್ಕಿಂತ ಹೆಚ್ಚು ಹೆಂಗಸರಿರುವ ಕಾಮಗಾರಿಗೆ ಅದನ್ನೇ ವಿಧಿಸಿತು. ನಮ್ಮ ಶಾಸನಕರ್ತರಿಗೆ ಋಣದ ಅರಿವಿತ್ತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಡ. ಆದರೆ ಒಬ್ಬ ಉಪಗುತ್ತಿಗೆದಾರನ ಕೈಕೆಳಗೆ ಇಪ್ಪತ್ತು, ಇನ್ನೊಬ್ಬನ ಕೈಕೆಳಗೆ ಇಪ್ಪತ್ತು ಹೀಗೆ ಹಂಚಿಹೋದ ಹೆಂಗಸರು ಒಂದೇ ಕಟ್ಟಡವನ್ನು ಕಟ್ಟುತ್ತಿದ್ದರೂ ಲೆಕ್ಕಕ್ಕೆ ಎಂದೂ ಐವತ್ತಾಗುವುದಿಲ್ಲ.

ಶಿಶುಗೃಹವಿದ್ದ ಕಡೆಯಲ್ಲಿಯೂ ಅದು ಮಕ್ಕಳನ್ನು ಮಲಗಿಸುವ ಕೋಣೆ ಮಾತ್ರವಾದರೆ ಮೀಮಾಂಸಕನು ಒಪ್ಪಲಾರನು. ಅಲ್ಲಿ ಇಬ್ಬರು ಹಿರಿಯರು ಬೇಕು, ಒಬ್ಬರಲ್ಲ. ಅವರು ಮಕ್ಕಳ ಎದುರಿಗೆ ಸೊಪ್ಪು ಸೋಸುತ್ತ, ಬಟ್ಟೆ ಮಡಿಸುತ್ತ, ಒಬ್ಬರಿಗೊಬ್ಬರು ಹೇಳುತ್ತ ಕೇಳುತ್ತ ಇರಬೇಕು. ಅವರಲ್ಲಿ ಒಬ್ಬರಾದರೂ ಆ ಶೆಡ್ಡುಗಳ ಮಕ್ಕಳ ಮನೆಮಾತನ್ನು ಬಲ್ಲವರಾಗಿರಬೇಕು. ಅಂಥವರು ಆ ಶೆಡ್ಡುಗಳಲ್ಲಿಯೇ ಇದ್ದಾರೆ: ಭಾರ ಹೊರಲಾರದ ವಯಸ್ಸಿನ ಅಜ್ಜಿಯರು, ಬಾಣಂತಿಯರು. ಕಿವಿಯ ಪರೀಕ್ಷೆಗೆ 2013ರಿಂದ ನಡೆದುಬಂದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳಿವೆ. ಅವು ಅಂಗನವಾಡಿಯ ಹಾಜರಿಪುಸ್ತಕದಲ್ಲಿರುವ ಮಗುವನ್ನು ಹುಡುಕುತ್ತವೆ, ಹೆಸರೇ ದಾಖಲಾಗದ ಮಗುವನ್ನು ಹುಡುಕುವ ದಾರಿಯನ್ನು ಕಂಡುಕೊಳ್ಳಬೇಕಾಗಿದೆ. ಇವುಗಳಲ್ಲಿ ಯಾವುದೂ ಅಸಾಧ್ಯವಲ್ಲ, ಹೆಚ್ಚು ಖರ್ಚಿನದೂ ಅಲ್ಲ. ಆದರೆ ಅಂಗನವಾಡಿಯ ಬಾಗಿಲು ಸಂಜೆ ನಾಲ್ಕರ ಸುಮಾರಿಗೆ ಮುಚ್ಚುತ್ತದೆ, ಪೀಣ್ಯದ ಪಾಳಿ ಬಿಡುವುದು ಅದಾದ ಎಷ್ಟೋ ಹೊತ್ತಿನ ಮೇಲೆ. ನಡುವಣ ಆ ಹೊತ್ತಿನಲ್ಲಿ ಮಗುವಿನ ಎದುರಿಗೆ ಮಾತಾಡುತ್ತ ಕೂರುವ ಉತ್ತಮವೃದ್ಧರೂ ಮಧ್ಯಮವೃದ್ಧರೂ ಯಾರು, ಅವರ ಸಂಬಳವನ್ನು ಯಾರ ಲೆಕ್ಕದಲ್ಲಿ ಬರೆಯತಕ್ಕದ್ದು ಎಂಬುದನ್ನು ಈ ಮೂರು ವಲಯಗಳ ಮಾಲೀಕರೂ ಗುತ್ತಿಗೆದಾರರೂ ನಗರಾಡಳಿತವೂ ಸರಕಾರವೂ ಒಟ್ಟಿಗೆ ಕುಳಿತು ತೀರ್ಮಾನಿಸಬೇಕು. ಹಾಗೆ ತೀರ್ಮಾನಿಸುವಾಗ ಸೇಡಮ್ಮಿನ ಆ ತಾಯಿಯನ್ನೂ ಕೂಲಿ ಕಡಿಯದೆ ಸಭೆಗೆ ಕರೆಯಬೇಕು.